ಸಬ್ಮಿಟ್ ಒತ್ತಿದ ಮೇಲೆ ಫೈಲು ಯಾರ ಮೇಜಿನ ಮೇಲಿದೆ?

ಸರ್ಕಾರಿ ಕಚೇರಿಯ ಎಚ್‌ಆರ್ ಸಾಫ್ಟ್‌ವೇರಿನಲ್ಲಿ, ಅಂದರೆ ನೌಕರರ ರಜೆ, ವರ್ಗಾವಣೆ, ಸೇವೆಯ ವಿವರ ಇಡುವ ಸಾಫ್ಟ್‌ವೇರಿನಲ್ಲಿ, ರಜೆ ಅರ್ಜಿ ತುಂಬಿ ಸಬ್ಮಿಟ್ ಒತ್ತುತ್ತೀರಿ. ಪರದೆ ಮೇಲೆ ಹಸಿರು ಗುರುತು ಬರುತ್ತದೆ. ಹಾಗಾದರೆ ರಜೆ ಸಿಕ್ಕಿತಾ? ಇಲ್ಲ. ಅರ್ಜಿ ಒಂದು ಮೇಜಿಗೆ ಹೋಗಿ ಮುಟ್ಟಿದೆ, ಅಷ್ಟೇ. ಕೇಂದ್ರ ಸರ್ಕಾರದ 1972ರ ರಜೆ ನಿಯಮಗಳಲ್ಲಿ 7ನೇ ನಿಯಮ ಸ್ಪಷ್ಟವಾಗಿಯೇ ಹೇಳುತ್ತದೆ: ರಜೆಯನ್ನು ಹಕ್ಕು ಅಂತ ಕೇಳುವ ಹಾಗಿಲ್ಲ. ಮಂಜೂರಾಗುವ ಮೊದಲೇ ಊರಿಗೆ ಹೊರಟರೆ ಅದು ಅನಧಿಕೃತ ಗೈರುಹಾಜರಿ. ಅಂಥ ದಿನಗಳನ್ನು ‘ಡೈಸ್ ನಾನ್’ ಎಂದು ಬರೆಯಲು ಅವಕಾಶವಿದೆ. ಆ ದಿನಕ್ಕೆ ಸಂಬಳವಿಲ್ಲ, ಸೇವೆಯ ಲೆಕ್ಕಕ್ಕೂ ಅದು ಬರುವುದಿಲ್ಲ. ಸೇವೆ ತುಂಡಾಗುವುದಿಲ್ಲ ಅನ್ನುವುದೊಂದೇ ಸಮಾಧಾನ.

ಮುಂಬೈ, ಪುಣೆ, ಗೋವಾದಲ್ಲಿ ಸರ್ಕಾರಿ ಕೆಲಸದಲ್ಲಿರುವ ನಮ್ಮ ಕನ್ನಡಿಗರು ಕಡಿಮೆಯೇನಿಲ್ಲ. ಮಧ್ಯ ರೈಲ್ವೆಯಲ್ಲಿದ್ದಾರೆ, ಪಶ್ಚಿಮ ರೈಲ್ವೆಯಲ್ಲಿದ್ದಾರೆ, ಬಂದರಿನಲ್ಲಿದ್ದಾರೆ. ಮುಂಬೈ ಮಹಾನಗರ ಪಾಲಿಕೆಯ ಕಚೇರಿಗಳಲ್ಲೂ ಅದರ ಕನ್ನಡ ಶಾಲೆಗಳಲ್ಲೂ ಇದ್ದಾರೆ. ಖಡಕಿ, ದೇಹೂರೋಡಿನ ಮದ್ದುಗುಂಡು ಕಾರ್ಖಾನೆಗಳಲ್ಲಿ, ವಾಸ್ಕೋದ ರೈಲ್ವೆಯಲ್ಲಿ ಇದ್ದಾರೆ. ಇವರಿಗೆ ಪರದೆ ಇಂಗ್ಲಿಷಿನಲ್ಲಿ, ಸುತ್ತೋಲೆ ಮರಾಠಿಯಲ್ಲೋ ಹಿಂದಿಯಲ್ಲೋ, ಮನೆಯಲ್ಲಿ ವಿವರಿಸುವುದು ಕನ್ನಡದಲ್ಲಿ. ಮೂರು ಭಾಷೆ ದಾಟುವಷ್ಟರಲ್ಲಿ ಅರ್ಧ ವಿಷಯ ಸೋರಿ ಹೋಗುತ್ತದೆ.

ಎಚ್‌ಆರ್ ಸಾಫ್ಟ್‌ವೇರಿನ ಪದಗಳನ್ನು ನಿಘಂಟು ನೋಡಿ ಕಲಿತರೆ ಉಪಯೋಗ ಕಡಿಮೆ ಅಂತ ನನಗೆ ಅನಿಸುತ್ತದೆ. ‘ಪೆಂಡಿಂಗ್’ ಅಂದರೆ ಬಾಕಿ ಅನ್ನುವುದು ಎಲ್ಲರಿಗೂ ಗೊತ್ತು. ಯಾರ ಹತ್ತಿರ ಬಾಕಿ ಅನ್ನುವುದು ಗೊತ್ತಿರುವುದಿಲ್ಲ. ಆದ್ದರಿಂದ ಪ್ರತಿ ಪದಕ್ಕೂ ಎರಡು ಪ್ರಶ್ನೆ ಹಾಕಿ ನೋಡಬೇಕು. ಇದರ ಹಿಂದೆ ಯಾವ ನಿಯಮ ಇದೆ? ಇದನ್ನು ಈಗ ಮುಂದೆ ಸರಿಸಬೇಕಾದವರು ಯಾರು? ಸಾಫ್ಟ್‌ವೇರ್ ಹೊಸದು, ಆದರೆ ಅದರ ಒಳಗಿರುವ ನಿಯಮ ಹಳೆಯದು. ಜಗಳ ಬಂದಾಗ ಗೆಲ್ಲುವುದು ನಿಯಮ ಮತ್ತು ಸಹಿ ಬಿದ್ದ ಆದೇಶ, ಪರದೆಯ ಬಣ್ಣ ಅಲ್ಲ.

ಸ್ಥಿತಿ ಹೇಳುವ ಪದಗಳನ್ನೇ ತೆಗೆದುಕೊಳ್ಳಿ. ‘ಡ್ರಾಫ್ಟ್’ ಅಂತ ಇದ್ದರೆ ಅರ್ಜಿ ನಿಮ್ಮ ಹತ್ತಿರವೇ ಇದೆ, ಬೇರೆ ಯಾರೂ ಅದನ್ನು ನೋಡಿಲ್ಲ. ‘ಫಾರ್ವರ್ಡೆಡ್’ ಅಂದರೆ ಮೇಲಿನವರು ಒಪ್ಪಿದರು ಅಂತ ಅಲ್ಲ, ಶಿಫಾರಸು ಮಾಡದೆಯೂ ಮುಂದೆ ಕಳಿಸಬಹುದು. ‘ವೆರಿಫೈಡ್’ ಅಂದರೆ ನೌಕರರ ಸೇವಾ ದಾಖಲೆ ನೋಡಿಕೊಳ್ಳುವ ಎಸ್ಟಾಬ್ಲಿಷ್‌ಮೆಂಟ್ ಶಾಖೆಯವರು ದಾಖಲೆಯ ಜೊತೆ ತಾಳೆ ನೋಡಿದ್ದಾರೆ. ‘ಅಪ್ರೂವ್ಡ್’ ಅಂತ ಬಂದಾಗ ಮಾತ್ರ ಅಧಿಕಾರ ಇರುವವರು ಒಪ್ಪಿದ್ದಾರೆ. ಇನ್ನು ‘ರಿಟರ್ನ್ಡ್’ ಮತ್ತು ‘ರಿಜೆಕ್ಟೆಡ್’ ಒಂದೇ ಅಂದುಕೊಂಡು ಸುಮ್ನೆ ಕೂರುವವರು ಜಾಸ್ತಿ. ರಿಟರ್ನ್ಡ್ ಅಂದರೆ ಏನೋ ಕೊರತೆ ಇದೆ, ಸರಿ ಮಾಡಿ ಮತ್ತೆ ಕಳಿಸಿ ಅಂತ. ಅಂದರೆ ಚೆಂಡು ನಿಮ್ಮ ಅಂಗಳದಲ್ಲೇ ಇದೆ. ಹಾಗೇ ಬಿಟ್ಟರೆ ಅದು ಅಲ್ಲೇ ಇರುತ್ತದೆ, ಯಾರೂ ಬಂದು ಕೇಳುವುದಿಲ್ಲ.

ಯಾರಿಗೆ ಯಾವ ಸಾಫ್ಟ್‌ವೇರ್

ರೈಲ್ವೆಯವರಿಗೆ ಎಚ್‌ಆರ್‌ಎಂಎಸ್ ಇದೆ. ರೈಲ್ವೆಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಕ್ರಿಸ್ ಇದನ್ನು ಮಾಡಿದೆ. 2020ರಲ್ಲಿ ಇ-ಪಾಸ್ (ನೌಕರರ ರೈಲು ಪ್ರಯಾಣದ ಪಾಸು), ಪಿಎಫ್ ಅಡ್ವಾನ್ಸ್, ಸೆಟಲ್‌ಮೆಂಟ್ (ನಿವೃತ್ತಿಯ ಹಣದ ಲೆಕ್ಕ) ಎಲ್ಲ ಇದರೊಳಗೆ ಬಂದವು. ಕೇಂದ್ರದ ಬೇರೆ ಇಲಾಖೆಗಳಿಗೆ ಇ-ಎಚ್‌ಆರ್‌ಎಂಎಸ್, ವಾರ್ಷಿಕ ವರದಿಗೆ ‘ಸ್ಪ್ಯಾರೋ’. ಮಹಾರಾಷ್ಟ್ರ ರಾಜ್ಯ ನೌಕರರಿಗೆ ‘ಸೇವಾರ್ಥ’, ಅನುದಾನಿತ ಶಾಲೆಯ ಶಿಕ್ಷಕರಿಗೆ ‘ಶಾಲಾರ್ಥ’. ಮುಂಬೈ ಪಾಲಿಕೆಯವರಿಗೆ ಸ್ಯಾಪ್.

ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ಮನುಷ್ಯನ ವಿವರ ಇಡುವ ಸಾಫ್ಟ್‌ವೇರ್ ಬೇರೆ, ಸಂಬಳದ ಬಿಲ್ಲು ಮಾಡುವ ಸಾಫ್ಟ್‌ವೇರ್ ಬೇರೆ ಇರಬಹುದು. ರೈಲ್ವೆಯಲ್ಲಿ ವಿವರ ಎಚ್‌ಆರ್‌ಎಂಎಸ್‌ನಲ್ಲಿ, ಸಂಬಳ ‘ಐಪಾಸ್’ನಲ್ಲಿ. ಒಂದರಲ್ಲಿ ಬಡ್ತಿ ಕಂಡಿತು ಅಂದ ಮಾತ್ರಕ್ಕೆ ಇನ್ನೊಂದರಲ್ಲಿ ಹೊಸ ಸಂಬಳ ಬರಬೇಕು ಅಂತಿಲ್ಲ. ಸೇವಾರ್ಥದಲ್ಲಿ ಪ್ರತಿ ತಿಂಗಳು ‘ಚೇಂಜ್ ಸ್ಟೇಟ್‌ಮೆಂಟ್’ ಅಂತ ಒಂದು ಹಂತ ಇರುತ್ತದೆ. ಈ ತಿಂಗಳು ಯಾರ ಸಂಬಳದಲ್ಲಿ ಏನು ಬದಲಾಯಿತು ಅನ್ನುವ ಪಟ್ಟಿ ಅದು. ಅದಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಬಿಲ್ಲು, ಆಮೇಲೆ ಖಜಾನೆ. ನಿಮ್ಮ ಬದಲಾವಣೆ ಆ ಪಟ್ಟಿಗೆ ಸೇರದಿದ್ದರೆ ಆದೇಶ ಕೈಯಲ್ಲಿದ್ದರೂ ಈ ತಿಂಗಳು ಹಳೆಯ ಸಂಬಳವೇ.

ಈ ಬಿಲ್ಲಿಗೆ ಸಹಿ ಹಾಕುವವರು ಡಿಡಿಒ, ಅಂದರೆ ಹಣ ಸೆಳೆಯುವ ಮತ್ತು ಬಟವಾಡೆ ಮಾಡುವ ಅಧಿಕಾರಿ. ಮರಾಠಿ ಆದೇಶದಲ್ಲಿ ‘ಆಹರಣ ವ ಸಂವಿತರಣ ಅಧಿಕಾರಿ’ ಅಂತ ಕಂಡರೆ ಇವರೇ. ವರ್ಗವಾಗಿ ಬಂದ ತಿಂಗಳು ಸಂಬಳ ನಿಂತರೆ ಬೈಯುವ ಮೊದಲು ನೋಡಬೇಕಾದ್ದು ಇಷ್ಟು: ಹಳೆಯ ಡಿಡಿಒ ಕೋಡಿನಿಂದ ಹೆಸರು ಬಿಡುಗಡೆ ಆಗಿದೆಯಾ, ಹೊಸದಕ್ಕೆ ಸೇರಿದೆಯಾ. ಕೊನೆಯ ಸಂಬಳದ ಪ್ರಮಾಣಪತ್ರ, ಎಲ್‌ಪಿಸಿ, ಬಂದಿದೆಯಾ ಅನ್ನುವುದನ್ನೂ ನೋಡಬೇಕು.

ಐಡಿಗಳದ್ದೇ ಒಂದು ಸಂತೆ. ಎಂಪ್ಲಾಯಿ ನಂಬರ್, ಎಚ್‌ಆರ್‌ಎಂಎಸ್ ಐಡಿ, ಪಿಎಫ್ ನಂಬರ್, ಹೊಸ ಪಿಂಚಣಿ ಪದ್ಧತಿಯಾದ ಎನ್‌ಪಿಎಸ್‌ನ 12 ಅಂಕಿಯ ಖಾತೆ ನಂಬರ್ ಪ್ರಾನ್. ಬರೀ ನಂಬರ್ ಅಲ್ವಾ ಅಂತ ಹಗುರವಾಗಿ ನೋಡಬೇಡಿ. 2025ರಲ್ಲಿ ನಾಗಪುರ ವಿಭಾಗದಲ್ಲಿ ಬಯಲಾದ ಶಾಲಾರ್ಥ ಐಡಿ ಹಗರಣ ನೆನಪಿರಬಹುದು. ನೇಮಕವೇ ಸರಿಯಿಲ್ಲದವರಿಗೆ ಐಡಿ ಮಾಡಿಕೊಟ್ಟು ಸರ್ಕಾರದ ಹಣದಿಂದ ಸಂಬಳ ಎತ್ತಿದ ಆರೋಪ ಅದು. ಅಧಿಕಾರಿಗಳ ಬಂಧನವಾಯಿತು, ವಿಶೇಷ ತನಿಖಾ ತಂಡ ಬಂತು. ಸಾಫ್ಟ್‌ವೇರಿಗೆ ಐಡಿ ಇದ್ದವನೇ ಶಿಕ್ಷಕ, ನೇಮಕದ ಆದೇಶ ನಿಜವೋ ಸುಳ್ಳೋ ಅದಕ್ಕೆ ಗೊತ್ತಾಗುವುದಿಲ್ಲ. ಇಂಥ ಹಗರಣದ ನಂತರ ದಾಖಲೆ ಪರಿಶೀಲನೆ ಬಿಗಿಯಾಗುತ್ತದೆ. ಆಗ ಪ್ರಾಮಾಣಿಕರೂ ತಮ್ಮ ಮೂಲ ಆದೇಶ ಹುಡುಕಿ ತೆಗೆಯಬೇಕಾಗುತ್ತದೆ.

ರಜೆಯ ಲೆಕ್ಕ

ಪಕ್ಕದ ಮನೆಯ ಇಬ್ಬರು, ಒಬ್ಬರು ರೈಲ್ವೆ, ಇನ್ನೊಬ್ಬರು ಆದಾಯ ತೆರಿಗೆ ಇಲಾಖೆ. ಒಬ್ಬರು ‘ಎಲ್‌ಎಪಿ’ ಅನ್ನುತ್ತಾರೆ, ಇನ್ನೊಬ್ಬರು ‘ಇಎಲ್’ ಅನ್ನುತ್ತಾರೆ. ಎರಡೂ ಗಳಿಕೆ ರಜೆಯೇ. ಹಾಗೇ ರೈಲ್ವೆಯ ‘ಎಲ್‌ಎಚ್‌ಎಪಿ’ ಅಂದರೆ ಅರ್ಧ ವೇತನ ರಜೆ.

ಗಳಿಕೆ ರಜೆ ವರ್ಷಕ್ಕೆ 30 ದಿನ. ಜನವರಿ 1ಕ್ಕೆ 15, ಜುಲೈ 1ಕ್ಕೆ 15, ಮುಂಗಡವಾಗಿಯೇ ಖಾತೆಗೆ ಬೀಳುತ್ತದೆ. ಅದು ಮುಂಗಡ ಅನ್ನುವುದೇ ಮುಖ್ಯ ವಿಷಯ. ಫೆಬ್ರವರಿಯಲ್ಲಿ ಪರದೆ ತೋರಿಸುವ 15 ದಿನ ನೀವು ಇನ್ನೂ ದುಡಿದು ಗಳಿಸಿದ್ದಲ್ಲ. ಮಧ್ಯದಲ್ಲೇ ಕೆಲಸ ಬಿಟ್ಟರೆ ತಿಂಗಳಿಗೆ ಎರಡೂವರೆ ದಿನದ ಲೆಕ್ಕದಲ್ಲಿ ಮತ್ತೆ ಕೂಡಿಸಿ ಕಳೆಯುತ್ತಾರೆ. ಅರ್ಧ ವರ್ಷದಲ್ಲಿ ಅಸಾಧಾರಣ ರಜೆ, ಅಂದರೆ ಸಂಬಳವಿಲ್ಲದ ‘ಇಒಎಲ್’ ಹಾಕಿದ್ದರೆ ಅದರ ಹತ್ತನೇ ಒಂದು ಭಾಗ ಮುಂದಿನ ಸಲದ 15ರಲ್ಲಿ ಕಡಿತವಾಗುತ್ತದೆ. 40 ದಿನ ಇಒಎಲ್ ಹಾಕಿದವರಿಗೆ ಮುಂದಿನ ಸಲ ಬೀಳುವುದು 11 ಮಾತ್ರ. ‘ಸಿಸ್ಟಮ್ ನನ್ನ ನಾಲ್ಕು ದಿನ ನುಂಗಿತು’ ಅಂತ ಅನಿಸಬಹುದು. ಆದರೆ ಅದು ನಿಯಮದ ಪ್ರಕಾರವೇ ಆದದ್ದು.

ಕೂಡಿಡುವ ಮಿತಿ 300 ದಿನ. ನಿವೃತ್ತಿಯಾದಾಗ ನಗದು ಮಾಡಿಕೊಳ್ಳುವ ಮಿತಿಯೂ ಅಷ್ಟೇ. ಆಗಲೇ 300 ಮುಟ್ಟಿದವರ ಖಾತೆಯಲ್ಲಿ ‘300+15’ ಅಂತ ಬೇರೆಯಾಗಿ ಕಾಣಿಸುತ್ತದೆ. ಆ 15ನ್ನು ಅದೇ ಅರ್ಧ ವರ್ಷದಲ್ಲಿ ಬಳಸಬೇಕು, ಉಳಿದರೆ ಹೋಯಿತು. ‘ಕಮ್ಯೂಟೆಡ್ ಲೀವ್’ ಅಂದರೆ ಪರಿವರ್ತಿತ ರಜೆ, ಪೂರ್ತಿ ಸಂಬಳದ ಮೇಲೆ ಸಿಗುವ ವೈದ್ಯಕೀಯ ರಜೆ. ಹತ್ತು ದಿನ ಹಾಕಿದರೆ ಅರ್ಧ ವೇತನ ರಜೆಯ ಖಾತೆಯಲ್ಲಿ 20 ದಿನ ಕಳೆಯುತ್ತದೆ. ಸ್ಯಾಪ್ ಇರುವ ಕಡೆ ಇದೇ ಬಾಕಿಯನ್ನು ‘ಕೋಟಾ’ ಅನ್ನುತ್ತಾರೆ. ರೈಲ್ವೆ ಟಿಕೆಟ್ ಕೋಟಾಗೂ ಇದಕ್ಕೂ ಸಂಬಂಧವಿಲ್ಲ.

ಊರಿಗೆ ಹೋಗುವ ಬಟನ್

ಮುಂಬೈಯಲ್ಲಿರುವ ರೈಲ್ವೆ ಕನ್ನಡಿಗರಲ್ಲಿ ಹೆಚ್ಚು ಚರ್ಚೆಯಾಗುವ ಪದ ಯಾವುದು ಅಂದರೆ ‘ಟ್ರಾನ್ಸ್‌ಫರ್’. ಹುಬ್ಬಳ್ಳಿಗೋ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕು ಅನ್ನುವ ಆಸೆ ಇಲ್ಲದವರು ಅಪರೂಪ. ಮೊದಲು ಕಾಗದದಲ್ಲಿ ಅರ್ಜಿ ಕೊಟ್ಟು, ಅದು ಎಲ್ಲಿ ಕಳೆದುಹೋಯಿತು ಅಂತ ಹುಡುಕಬೇಕಿತ್ತು. ಈಗ ಎಚ್‌ಆರ್‌ಎಂಎಸ್‌ನಲ್ಲೇ ಹಾಕಬಹುದು, ಎಲ್ಲಿದೆ ಅಂತ ನೋಡಬಹುದು. ಇದು ದೊಡ್ಡ ಅನುಕೂಲ, ಒಪ್ಪಲೇಬೇಕು. ಆದರೆ ಅರ್ಜಿ ಹಾಕುವುದು ಸುಲಭವಾಗಿದೆ ಅಂದ ಮಾತ್ರಕ್ಕೆ ಅದರ ಬೆಲೆ ಇಳಿದಿಲ್ಲ. ಬೆಲೆ ಇರುವುದು ಪರದೆಯ ಎರಡು ಮೂರು ಪದಗಳಲ್ಲಿ.

‘ಓನ್ ರಿಕ್ವೆಸ್ಟ್’ ಅಂದರೆ ಸ್ವಂತ ಕೋರಿಕೆ. ಇದನ್ನು ಆರಿಸಿದರೆ ಹೊಸ ಘಟಕದಲ್ಲಿ ‘ಬಾಟಮ್ ಸೀನಿಯಾರಿಟಿ’ ಒಪ್ಪಿಕೊಂಡ ಹಾಗೆ. ಮುಂಬೈಯಲ್ಲಿ ಹತ್ತು ವರ್ಷ ದುಡಿದು ಹಿರಿತನ ಪಟ್ಟಿಯಲ್ಲಿ ಮೇಲೆ ಬಂದವರು ಹುಬ್ಬಳ್ಳಿಯಲ್ಲಿ ಆ ದರ್ಜೆಯ ಎಲ್ಲರಿಗಿಂತ ಕೆಳಗೆ ಕೂರುತ್ತಾರೆ. ಸಂಬಳ, ಪಿಂಚಣಿಗೆ ಹಳೆಯ ಸೇವೆ ಎಣಿಕೆಯಾಗುತ್ತದೆ. ಬಡ್ತಿಯ ಸಾಲಿಗೆ ಎಣಿಕೆಯಾಗುವುದಿಲ್ಲ. ಇನ್ನೊಂದು ವಿಷಯ ಅರ್ಜಿ ಹಾಕುವಾಗ ಬಹಳ ಜನ ಗಮನಿಸುವುದಿಲ್ಲ. ಇಂಥ ವರ್ಗಾವಣೆ ನೇರ ನೇಮಕಾತಿ ಇರುವ ದರ್ಜೆಗಳಲ್ಲಿ ಮಾತ್ರ. ಬಡ್ತಿ ಪಡೆದು ನೇರ ನೇಮಕ ಇಲ್ಲದ ದರ್ಜೆಗೆ ಹೋಗಿದ್ದರೆ ಕೆಳಗಿನ ದರ್ಜೆಗೆ ಇಳಿಯಲು ಒಪ್ಪಬೇಕು. ಅದಕ್ಕೆ ‘ರಿವರ್ಷನ್’ ಅನ್ನುತ್ತಾರೆ. ಸ್ವಂತ ಕೋರಿಕೆ ಅಂದ ಮೇಲೆ ವರ್ಗಾವಣೆ ಭತ್ಯೆಯೂ ಇಲ್ಲ, ಸೇರಿಕೊಳ್ಳಲು ಕೊಡುವ ಜಾಯಿನಿಂಗ್ ಟೈಮೂ ಇಲ್ಲ. ಸಾಮಾನು ಸಾಗಿಸುವ ಲಾರಿ ಬಾಡಿಗೆ ಪೂರ್ತಿ ನಿಮ್ಮದೇ.

‘ಮ್ಯೂಚುವಲ್’ ಅಂದರೆ ಪರಸ್ಪರ ಅದಲುಬದಲು. ಅಲ್ಲಿಂದ ಇಲ್ಲಿಗೆ ಬರಲು ಒಬ್ಬರು, ಇಲ್ಲಿಂದ ಅಲ್ಲಿಗೆ ಹೋಗಲು ಇನ್ನೊಬ್ಬರು. ಇದರಲ್ಲಿ ಪೂರ್ತಿ ಕೆಳಗೆ ಬೀಳುವುದಿಲ್ಲ. ನಿಮ್ಮ ಹಿರಿತನ, ಜೊತೆಗಾರರ ಹಿರಿತನ, ಎರಡರಲ್ಲಿ ಯಾವುದು ಕಡಿಮೆಯೋ ಅದು ನಿಮಗೆ ಸಿಗುತ್ತದೆ. ರೈಲ್ವೆ ಎಸ್ಟಾಬ್ಲಿಷ್‌ಮೆಂಟ್ ಕೈಪಿಡಿಯ 310ನೇ ಪ್ಯಾರಾ ಇದನ್ನು ಹೇಳುತ್ತದೆ, ಸ್ವಂತ ಕೋರಿಕೆಯ ವಿಷಯ 312ರಲ್ಲಿದೆ. ಜೊತೆಗಾರರು ನಿಮಗಿಂತ ತುಂಬಾ ಕಿರಿಯರಾಗಿದ್ದರೆ ನಷ್ಟ ಯಾರಿಗೆ ಅಂತ ಲೆಕ್ಕ ಹಾಕಿಯೇ ಹೆಜ್ಜೆ ಇಡಬೇಕು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಕಲ್ಯಾಣ ಟು ಹುಬ್ಬಳ್ಳಿ ಮ್ಯೂಚುವಲ್ ಬೇಕು’ ಅಂತ ಬರುವ ಸಂದೇಶಗಳಿಗೆ ಉತ್ತರ ಕೊಡುವ ಮೊದಲು ಎದುರಿನವರ ಹಿರಿತನದ ದಿನಾಂಕ ಕೇಳಿ. ಊರು ಯಾವುದು ಅಂತ ಆಮೇಲೆ ಕೇಳಿದರೂ ನಡೆಯುತ್ತದೆ.

ನಕ್ಷೆಯೂ ಇಲ್ಲಿ ಆಟ ಆಡುತ್ತದೆ. ಕಲಬುರಗಿ ಕರ್ನಾಟಕದಲ್ಲಿದೆ. ಆದರೆ ರೈಲ್ವೆ ಲೆಕ್ಕದಲ್ಲಿ ಅದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗ. ಹಾಗಾಗಿ ಮಧ್ಯ ರೈಲ್ವೆಯದೇ ಮುಂಬೈ ವಿಭಾಗದಲ್ಲಿರುವ ಕಲಬುರಗಿಯವರು ಹಾಕಬೇಕಾದ್ದು ಒಂದೇ ರೈಲ್ವೆಯೊಳಗಿನ ‘ಇಂಟರ್ ಡಿವಿಷನ್’ ಅರ್ಜಿ. ಧಾರವಾಡದವರು ಹಾಕಬೇಕಾದ್ದು ‘ಇಂಟರ್ ರೈಲ್ವೆ’. ಎರಡರ ದಾರಿ ಬೇರೆ, ಒಪ್ಪಬೇಕಾದ ಕಚೇರಿಗಳೂ ಬೇರೆ. ಗೋವಾದಲ್ಲಿ ಇದು ಉಲ್ಟಾ. ವಾಸ್ಕೋ-ಕುಳೇಂ ಮಾರ್ಗ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದ್ದು. ವಾಸ್ಕೋದಲ್ಲಿರುವವರು ಹುಬ್ಬಳ್ಳಿಗೆ ಬರಬೇಕಾದರೆ ವಿಭಾಗವನ್ನೇ ದಾಟಬೇಕಾಗಿಲ್ಲ. ಅದೇ ಗೋವಾದ ಕೊಂಕಣ ರೈಲ್ವೆ ಒಂದು ನಿಗಮ, ಅದರ ಕೇಂದ್ರ ಕಚೇರಿ ನವಿ ಮುಂಬೈಯ ಬೇಲಾಪುರದಲ್ಲಿ. ಅಲ್ಲಿಯ ನೌಕರರ ಕಥೆಯೇ ಬೇರೆ.

ವರ್ಗಾವಣೆ ಒಪ್ಪಿಗೆಯಾದ ಮೇಲೂ ‘ಸ್ಪೇರ್’ ಮಾಡಬೇಕು, ಅಂದರೆ ಈಗಿನ ಕಚೇರಿ ಬಿಟ್ಟುಕೊಡಬೇಕು. ಜನ ಕಡಿಮೆ ಇರುವ ಕಡೆ ಇದೇ ಅತಿ ಉದ್ದದ ಕಾಯುವಿಕೆ. ಪರದೆಯಲ್ಲಿ ಅಪ್ರೂವ್ಡ್ ಅಂತ ಕಂಡಿತು ಅಂತ ಮನೆ ಖಾಲಿ ಮಾಡಿ, ಮಕ್ಕಳ ಶಾಲೆಯ ಟಿಸಿ ತೆಗೆಸಿ ಕೂತರೆ ಕಷ್ಟ. ರಾಜ್ಯ ಸರ್ಕಾರದ ಆದೇಶಗಳಲ್ಲಿ ಇದೇ ಹಂತಕ್ಕೆ ‘ಕಾರ್ಯಮುಕ್ತ’ ಅನ್ನುತ್ತಾರೆ, ಹೊಸ ಜಾಗದಲ್ಲಿ ಸೇರುವುದಕ್ಕೆ ‘ರುಜೂ’ ಅನ್ನುತ್ತಾರೆ. ನಮ್ಮ ರುಜು ಅಂದರೆ ಸಹಿ, ಅವರ ರುಜೂ ಅಂದರೆ ಹಾಜರಾಗುವುದು. ರುಜೂ ದಿನಾಂಕ ತಪ್ಪಾಗಿ ಏರಿದರೆ ನಡುವಿನ ದಿನಗಳು ಗೈರುಹಾಜರಿಯಾಗಿ ನಿಲ್ಲುತ್ತವೆ.

ಪುಣೆಯ ಕಾರ್ಖಾನೆಗಳಲ್ಲಿ ಇನ್ನೊಂದು ವಿಚಿತ್ರ ಪದ ಇದೆ, ‘ಡೀಮ್ಡ್ ಡೆಪ್ಯುಟೇಷನ್’. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿಗಳನ್ನು ಏಳು ಸರ್ಕಾರಿ ಕಂಪನಿಗಳಾಗಿ ಮಾಡಿದರು. ಖಡಕಿ, ದೇಹೂರೋಡಿನ ಕಾರ್ಖಾನೆಗಳು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಹೋದವು. ಗೇಟು ಅದೇ, ಯಂತ್ರ ಅದೇ, ಬೋರ್ಡು ಮಾತ್ರ ಬೇರೆ. ಅಲ್ಲಿದ್ದ ನೌಕರರನ್ನು ಡೆಪ್ಯುಟೇಷನ್, ಅಂದರೆ ಎರವಲು ಸೇವೆಯ ಮೇಲೆ ಹೋದವರು ಅಂತ ಭಾವಿಸಲಾಗಿದೆ. ಅಂದರೆ ಅವರು ಕೇಂದ್ರ ಸರ್ಕಾರದ ನೌಕರರಾಗಿಯೇ ಉಳಿದಿದ್ದಾರೆ. ಸಾಮಾನ್ಯ ಡೆಪ್ಯುಟೇಷನ್‌ನಲ್ಲಿ ನೌಕರರೇ ಒಪ್ಪಿ ಹೋಗುತ್ತಾರೆ. ಇಲ್ಲಿ ಯಾರೂ ಎಲ್ಲಿಗೂ ಹೋಗಿಲ್ಲ. ಆದರೂ ಸೇವಾ ದಾಖಲೆಯಲ್ಲಿ ಈ ಪದ ಇರಲೇಬೇಕು, ಹಳೆಯ ಸೇವಾ ಷರತ್ತುಗಳು ಅದರ ಮೇಲೆಯೇ ನಿಂತಿವೆ.

ಸಂಬಳದ ಪರದೆ

ಏಳನೇ ವೇತನ ಆಯೋಗದ ನಂತರ ಸಂಬಳ ಅಂದರೆ ‘ಲೆವೆಲ್’ ಮತ್ತು ‘ಸೆಲ್’. ಲೆವೆಲ್ ನಿಮ್ಮ ಹುದ್ದೆಯ ದರ್ಜೆ, ಸೆಲ್ ಆ ಕಾಲಮ್ಮಿನಲ್ಲಿ ನೀವು ನಿಂತ ಮೆಟ್ಟಿಲು. ಕೇಂದ್ರದ ಲೆವೆಲ್ 6 ಶುರುವಾಗುವುದು 35,400ಕ್ಕೆ, ಮುಂದಿನ ಮೆಟ್ಟಿಲು 36,500. ಮಹಾರಾಷ್ಟ್ರದಲ್ಲಿ ಲೆವೆಲ್‌ಗೆ ಮುಂದೆ ಒಂದು ‘ಎಸ್’ ಸೇರಿಸುತ್ತಾರೆ. ರಾಜ್ಯದ ‘ಎಸ್’ ಸಂಖ್ಯೆಯೂ ಕೇಂದ್ರದ ಲೆವೆಲ್ ಸಂಖ್ಯೆಯೂ ಒಂದೇ ಅಲ್ಲ, ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ.

‘ಡಿಎನ್‌ಐ’ ಅಂದರೆ ಮುಂದಿನ ಇನ್‌ಕ್ರಿಮೆಂಟ್ ದಿನಾಂಕ. ಜನವರಿ 1 ಅಥವಾ ಜುಲೈ 1. ಬಡ್ತಿ ಬಂದಾಗ ‘ಆಪ್ಷನ್’ ಅಂತ ಒಂದು ಪೆಟ್ಟಿಗೆ ತೆರೆಯುತ್ತದೆ. ಸಂಬಳ ನಿಗದಿ ಬಡ್ತಿಯ ದಿನದಿಂದಲೇ ಬೇಕೋ, ಡಿಎನ್‌ಐಯಿಂದ ಬೇಕೋ? ಕೇಂದ್ರದಲ್ಲಿ ಇದನ್ನು ಒಂದು ತಿಂಗಳ ಒಳಗೆ ಹೇಳಬೇಕು. ಏನೂ ಹೇಳದಿದ್ದರೆ ಬಡ್ತಿಯ ದಿನದಿಂದಲೇ ನಿಗದಿಯಾಗುತ್ತದೆ. ಕೆಲವರಿಗೆ ಸ್ವಲ್ಪ ಕಾದರೆ ಒಂದು ಮೆಟ್ಟಿಲು ಹೆಚ್ಚು ಸಿಗುತ್ತದೆ, ಆ ವ್ಯತ್ಯಾಸ ಮುಂದೆ ಎಲ್ಲ ಇನ್‌ಕ್ರಿಮೆಂಟಿಗೂ ಅಂಟಿಕೊಂಡು ಬರುತ್ತದೆ. ಇಂಥ ನಿರ್ಧಾರವನ್ನು ಡ್ರಾಪ್‌ಡೌನಿನ ಎರಡು ಸಾಲಿನಲ್ಲಿ ಅಡಗಿಸಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಎರಡೂ ಲೆಕ್ಕವನ್ನು ಪಕ್ಕಪಕ್ಕ ತೋರಿಸುವುದು ಸಾಫ್ಟ್‌ವೇರಿಗೆ ಕಷ್ಟದ ಕೆಲಸವೇನಲ್ಲ.

ಇನ್ನು ‘ಅಂಡರ್‌ಟೇಕಿಂಗ್’. ಹೆಚ್ಚು ಬಂದ ಹಣ ಇದ್ದರೆ ವಾಪಸ್ ಕೊಡುತ್ತೇನೆ ಅನ್ನುವ ಮುಚ್ಚಳಿಕೆ. ಸಣ್ಣ ಚೌಕದಲ್ಲಿ ಟಿಕ್ ಹಾಕಿ ಮುಂದೆ ಹೋಗುತ್ತೇವೆ ಅಲ್ವಾ? ಅದರ ತೂಕ ನೋಡಿ. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಫೀಕ್ ಮಸೀಹ್ ಪ್ರಕರಣದಲ್ಲಿ ನೌಕರರಿಗೆ ಒಂದು ರಕ್ಷಣೆ ಕೊಟ್ಟಿತು. ಕಚೇರಿಯ ತಪ್ಪಿನಿಂದ ಹೆಚ್ಚು ಸಂಬಳ ಬಂದಿದ್ದರೆ ಸಿ ಮತ್ತು ಡಿ ದರ್ಜೆಯವರಿಂದ ಅದನ್ನು ವಸೂಲಿ ಮಾಡಬಾರದು. ನಿವೃತ್ತರಾದವರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದಲೂ ಮಾಡಬಾರದು. ಐದು ವರ್ಷಕ್ಕಿಂತ ಹೆಚ್ಚು ಕಾಲ ಹಾಗೆ ಕೊಟ್ಟಿದ್ದರೂ ವಸೂಲಿ ಇಲ್ಲ. ಆದರೆ 2016ರಲ್ಲಿ ಜಗದೇವ್ ಸಿಂಗ್ ಪ್ರಕರಣ ಬಂತು. ವೇತನ ಪರಿಷ್ಕರಣೆಗೆ ಒಪ್ಪುವಾಗ ಮುಚ್ಚಳಿಕೆ ಬರೆದುಕೊಟ್ಟಿದ್ದ ಅಧಿಕಾರಿ, ನಿವೃತ್ತರಾಗಿದ್ದರೂ, ಅದಕ್ಕೆ ಬದ್ಧರು ಅಂದಿತು ಅದೇ ಕೋರ್ಟ್. ಹಾಗಂತ ಟಿಕ್ ಹಾಕದೆ ಇರಲು ಆಗುವುದಿಲ್ಲ, ಫಾರಂ ಮುಂದೆ ಹೋಗುವುದೇ ಇಲ್ಲ. ಮಾಡಬಹುದಾದ್ದು ಒಂದೇ. ಸಂಬಳ ನಿಗದಿಯ ಹಾಳೆ ತೆಗೆದು ಸೆಲ್ಲಿಗೆ ಸೆಲ್ಲು ತಾಳೆ ನೋಡುವುದು.

ಈ ಮಾತು ಈಗ ಹೇಳಲು ಕಾರಣ ಇದೆ. ಎಂಟನೇ ವೇತನ ಆಯೋಗಕ್ಕೆ 2025ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಕಾರ್ಯವ್ಯಾಪ್ತಿ ನಿಗದಿ ಮಾಡಿದೆ, ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅದರ ಅಧ್ಯಕ್ಷರು. ವರದಿಗೆ ಕೊಟ್ಟ ಸಮಯ 18 ತಿಂಗಳು. ಹೊಸ ವೇತನ ಬಂದಾಗ ಲಕ್ಷಗಟ್ಟಲೆ ಜನರ ಸಂಬಳ ಒಟ್ಟಿಗೆ ನಿಗದಿಯಾಗುತ್ತದೆ, ಈಗ ದಾಖಲೆಯಲ್ಲಿರುವ ಬೇಸಿಕ್ ಆಧಾರದ ಮೇಲೆಯೇ. ಇವತ್ತು ಒಂದು ಸೆಲ್ ತಪ್ಪಿದ್ದರೆ ಆ ತಪ್ಪೂ ಗುಣಾಕಾರವಾಗುತ್ತದೆ.

ಇನ್‌ಕ್ರಿಮೆಂಟ್ ಬಗ್ಗೆ ಒಂದು ಮಾತು ಬಿಡಬಾರದು, ಅದರಲ್ಲಿ ಕರ್ನಾಟಕದ ಒಂದು ಪ್ರಕರಣವೂ ಇದೆ. ಜೂನ್ 30ಕ್ಕೆ ನಿವೃತ್ತರಾದವರು ವರ್ಷಪೂರ್ತಿ ದುಡಿದರೂ ಜುಲೈ 1ರ ಇನ್‌ಕ್ರಿಮೆಂಟ್ ಕಳೆದುಕೊಳ್ಳುತ್ತಿದ್ದರು. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ಪ್ರಕರಣದಲ್ಲಿ 2023ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಕೊಡಬೇಕು ಅಂದಿತು. 2025ರ ಮೇನಲ್ಲಿ ಕೇಂದ್ರವೂ ಆದೇಶ ಮಾಡಿತು. ದಾಖಲೆಯಲ್ಲಿ ‘ನೋಷನಲ್ ಇನ್‌ಕ್ರಿಮೆಂಟ್’ ಅಂತ ಕಂಡರೆ ಅದು ಇದೇ. ಪಿಂಚಣಿಯ ಲೆಕ್ಕಕ್ಕೆ ಮಾತ್ರ ಇರುವ ಇನ್‌ಕ್ರಿಮೆಂಟ್, ಕೈಗೆ ಸಂಬಳವಾಗಿ ಬರುವುದಿಲ್ಲ.

‘ಗುಡ್’ ಅಂದರೆ ಒಳ್ಳೆಯದಲ್ಲ

ವಾರ್ಷಿಕ ವರದಿಯನ್ನು ಎಲ್ಲರೂ ‘ಅಪಾರ್’ ಅನ್ನುತ್ತಾರೆ, ಹಳಬರು ಇನ್ನೂ ಸಿಆರ್ ಅನ್ನುತ್ತಾರೆ. ಮೊದಲು ಅದು ಗುಟ್ಟಿನ ಕಾಗದ. 2008ರ ದೇವದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿಯೊಂದು ಟಿಪ್ಪಣಿಯನ್ನೂ ನೌಕರರಿಗೆ ತಿಳಿಸಬೇಕು ಅಂದ ಮೇಲೆ ಅದು ಬಯಲಿಗೆ ಬಂತು. ಬರೆಯುವವರು ‘ರಿಪೋರ್ಟಿಂಗ್’, ಪರಿಶೀಲಿಸುವವರು ‘ರಿವ್ಯೂಯಿಂಗ್’, ಅಂತಿಮವಾಗಿ ಒಪ್ಪುವವರು ‘ಆಕ್ಸೆಪ್ಟಿಂಗ್’.

ಅಂಕ 10ಕ್ಕೆ. 8ರಿಂದ 10 ಔಟ್‌ಸ್ಟ್ಯಾಂಡಿಂಗ್, 6ರಿಂದ 8ರ ಒಳಗೆ ವೆರಿ ಗುಡ್, 4ರಿಂದ 6ರ ಒಳಗೆ ಗುಡ್. ಇಲ್ಲಿ ಸಿಕ್ಕಿಬೀಳುವವರು ಬಹಳ. 5.8 ಬಂತು, ಗುಡ್ ಅಂತ ಬರೆದಿದ್ದಾರೆ, ಸಂತೋಷ ಅಂದುಕೊಂಡು ಬಿಡುತ್ತಾರೆ. ಬಡ್ತಿ ಸಿಗದವರಿಗೆ 10, 20, 30 ವರ್ಷಕ್ಕೆ ಕೊಡುವ ಸಂಬಳದ ಏರಿಕೆ, ಎಂಎಸಿಪಿಗೆ 2016ರ ಜುಲೈ 25ರಿಂದ ಬೇಕಾದ್ದು ವೆರಿ ಗುಡ್. ಅಂದರೆ ‘ಗುಡ್’ ಈಗ ಅಡ್ಡಗಾಲು. ವರದಿ ತೋರಿಸಿದ ದಿನದಿಂದ 15 ದಿನದೊಳಗೆ ಆಕ್ಷೇಪ ಸಲ್ಲಿಸಬೇಕು. ಆ ಅವಧಿ ದೀಪಾವಳಿ ರಜೆಯಲ್ಲಿ ಬಿದ್ದರೂ ಗಡಿಯಾರ ನಿಲ್ಲುವುದಿಲ್ಲ, ಆದ್ದರಿಂದ ಮೊಬೈಲಿಗೆ ಬರುವ ಅಪಾರ್ ಸಂದೇಶವನ್ನು ಜಾಹೀರಾತಿನ ಹಾಗೆ ಅಳಿಸಬೇಡಿ.

ನೇಮಕದ ದಿನಾಂಕ, ಕುಟುಂಬ, ನಾಮಿನಿ

ಪಿಂಚಣಿಯ ಪ್ರಶ್ನೆ ‘ಡೇಟ್ ಆಫ್ ಅಪಾಯಿಂಟ್‌ಮೆಂಟ್’ ಅನ್ನುವ ಒಂದು ಖಾನೆಯಲ್ಲಿ ನಿಂತಿದೆ. ಕೇಂದ್ರದಲ್ಲಿ 2004ರ ಜನವರಿ 1, ಮಹಾರಾಷ್ಟ್ರದಲ್ಲಿ 2005ರ ನವೆಂಬರ್ 1, ಕರ್ನಾಟಕದಲ್ಲಿ 2006ರ ಏಪ್ರಿಲ್ 1. ಆ ದಿನದಿಂದ ಸೇರಿದವರು ಹೊಸ ಪದ್ಧತಿ ಎನ್‌ಪಿಎಸ್‌ನವರು. ಹಳೆಯ ಪಿಂಚಣಿ ಬೇಕು ಅಂತಲೇ 2023ರ ಮಾರ್ಚ್ 14ರಿಂದ ಮಹಾರಾಷ್ಟ್ರದ ನೌಕರರು ಒಂದು ವಾರ ಮುಷ್ಕರ ಮಾಡಿದರು. ಕೇಂದ್ರದಲ್ಲಿ 2003ರ ಡಿಸೆಂಬರ್ 22ಕ್ಕಿಂತ ಮೊದಲು ಜಾಹೀರಾತಾದ ಹುದ್ದೆಗೆ ಆಯ್ಕೆಯಾಗಿ ತಡವಾಗಿ ಸೇರಿದವರಿಗೆ ಹಳೆಯ ಪಿಂಚಣಿ ಆರಿಸಿಕೊಳ್ಳಲು 2023ರಲ್ಲಿ ಒಂದು ಸಲದ ಅವಕಾಶ ಕೊಟ್ಟರು. ಆಗ ನೇಮಕದ ದಿನಾಂಕಕ್ಕಿಂತ ಹಳೆಯ ಜಾಹೀರಾತಿನ ಪ್ರತಿಗೆ ಬೆಲೆ ಬಂತು.

2025ರ ಏಪ್ರಿಲ್ 1ರಿಂದ ಕೇಂದ್ರದಲ್ಲಿ ‘ಯುಪಿಎಸ್’, ಅಂದರೆ ಏಕೀಕೃತ ಪಿಂಚಣಿ ಯೋಜನೆ ಬಂದಿದೆ. ಎನ್‌ಪಿಎಸ್‌ನಲ್ಲಿ ನೌಕರರ 10 ಶೇಕಡಾ, ಸರ್ಕಾರದ 14 ಶೇಕಡಾ ಸೇರಿ ನಿಧಿಯಾಗುತ್ತದೆ, ಕೊನೆಗೆ ಎಷ್ಟು ಸಿಗುತ್ತದೆ ಅನ್ನುವುದು ಮಾರುಕಟ್ಟೆಯ ಕೈಯಲ್ಲಿ. ಯುಪಿಎಸ್‌ನಲ್ಲಿ 25 ವರ್ಷ ಸೇವೆ ಆಗಿದ್ದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಚಿತ. ಹತ್ತು ವರ್ಷ ಆಗಿದ್ದರೆ ಕನಿಷ್ಠ 10,000 ರೂಪಾಯಿ. ಇಲ್ಲಿ ತೂಕ ಇರುವ ಪದ ‘ಕ್ವಾಲಿಫೈಯಿಂಗ್ ಸರ್ವಿಸ್’, ಪಿಂಚಣಿಗೆ ಎಣಿಕೆಯಾಗುವ ಸೇವೆ. ಕೆಲಸಕ್ಕೆ ಸೇರಿ 25 ವರ್ಷ ಆದರೂ ನಡುವೆ ಡೈಸ್ ನಾನ್, ವೈದ್ಯಕೀಯ ಪ್ರಮಾಣಪತ್ರ ಇಲ್ಲದ ಇಒಎಲ್ ಇದ್ದರೆ ಎಣಿಕೆ 25 ಮುಟ್ಟದೆ ಇರಬಹುದು. ರಜೆಯ ಪರದೆಯಲ್ಲಿ ಹಾಕಿದ ಒಂದು ಗುರುತು ಪಿಂಚಣಿಯ ಪರದೆಯಲ್ಲಿ ಏಳುವುದು ಹೀಗೆ.

‘ಫ್ಯಾಮಿಲಿ ಡೀಟೇಲ್ಸ್’ ಮತ್ತು ‘ನಾಮಿನೇಷನ್’ ಎರಡು ಬೇರೆ ಟ್ಯಾಬ್‌ಗಳು. ಪಿಎಫ್, ಗ್ರಾಚ್ಯುಟಿ ಹೋಗುವುದು ನಾಮಿನಿಗೆ. ಕುಟುಂಬ ಪಿಂಚಣಿಗೆ ನಾಮಿನಿ ಅನ್ನುವುದೇ ಇಲ್ಲ, ನಿಯಮ ಹೇಳಿದ ಕ್ರಮದಲ್ಲಿ ಹೆಂಡತಿ ಅಥವಾ ಗಂಡ, ಆಮೇಲೆ ಮಕ್ಕಳು. ಮದುವೆಗೆ ಮೊದಲು ಅಮ್ಮನ ಹೆಸರು ನಾಮಿನಿಯಾಗಿ ಬರೆದವರು, ಮದುವೆಯಾಗಿ ಫ್ಯಾಮಿಲಿ ಟ್ಯಾಬಿನಲ್ಲಿ ಹೆಂಡತಿಯನ್ನು ಸೇರಿಸಿ, ನಾಮಿನೇಷನ್ ಟ್ಯಾಬ್ ಮುಟ್ಟದೆ ಬಿಡುತ್ತಾರೆ. ರೈಲ್ವೆಯಲ್ಲಿ ಫ್ಯಾಮಿಲಿ ಟ್ಯಾಬ್ ಪಾಸಿಗೂ ಬೇಕು, ಆದ್ದರಿಂದ ಅದನ್ನು ಬೇಗ ತುಂಬುತ್ತಾರೆ. ನಾಮಿನೇಷನ್‌ಗೆ ಅಂಥ ಆಮಿಷ ಇಲ್ಲ.

ತಪ್ಪು ಕಂಡಾಗ ಪರದೆಯ ಫೋಟೋ ತೆಗೆದು ಗುಂಪಿಗೆ ಹಾಕಿದರೆ ಕೆಲಸ ಆಗುವುದಿಲ್ಲ. ಆದೇಶದ ನಂಬರ್, ದಿನಾಂಕ ಬರೆದು ಎಸ್ಟಾಬ್ಲಿಷ್‌ಮೆಂಟ್ ಶಾಖೆಗೆ ಅರ್ಜಿ ಕೊಡಿ, ಪ್ರತಿಯ ಮೇಲೆ ಇನ್‌ವರ್ಡ್ ನಂಬರ್, ಅಂದರೆ ಅರ್ಜಿ ಬಂದ ಗುರುತಿನ ನಂಬರ್ ಹಾಕಿಸಿಕೊಳ್ಳಿ. ಮಹಾರಾಷ್ಟ್ರದ ಕಚೇರಿಯಲ್ಲಿ ‘ಆವಕ್ ನಂಬರ್’ ಅಂತ ಕೇಳಿ. ಕೇಂದ್ರದ ಕಚೇರಿಗಳಲ್ಲಿ ಸೇವಾ ಪುಸ್ತಕವನ್ನು ವರ್ಷಕ್ಕೊಮ್ಮೆ ನೌಕರರಿಗೆ ತೋರಿಸಿ ಸಹಿ ಪಡೆಯಬೇಕು ಅನ್ನುವ ನಿಯಮ ಇದೆ, ಸಾಫ್ಟ್‌ವೇರ್ ಬಂದಿದೆ ಅಂತ ಅದು ರದ್ದಾಗಿಲ್ಲ. 18 ವರ್ಷ ಸೇವೆ ಮುಗಿದಾಗ ಮತ್ತು ನಿವೃತ್ತಿಗೆ ಐದು ವರ್ಷ ಇರುವಾಗ ಎಣಿಕೆಯಾಗುವ ಸೇವೆಯನ್ನು ಕಚೇರಿಯೇ ಪರಿಶೀಲಿಸಿ ಪ್ರಮಾಣಪತ್ರ ಕೊಡಬೇಕು. ಕೊಟ್ಟಿಲ್ಲದಿದ್ದರೆ ಕೇಳಿ ಪಡೆಯಿರಿ. ಕೇಳಿದರೂ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಿಮ್ಮದೇ ಸೇವಾ ಪುಸ್ತಕದ ನಕಲು ತೆಗೆದುಕೊಳ್ಳಬಹುದು. ಕೇಂದ್ರದ ಕಚೇರಿಗೆ ಅದರ ಶುಲ್ಕ ಹತ್ತು ರೂಪಾಯಿ.